ತೂಗುಗುಂಡಿಗೆ ಸಿಕ್ಕ ಓರೆ

ಕಳೆದ ಮಾಗಿಯ ಒಂದು ಬೆಳಗ್ಗೆ ಜೋಗಿಮಟ್ಟಿ ಸಾಲಿನ ಗಾಳಿಯಂತ್ರಗಳಲ್ಲಿ ಒಂದೂ ತಿರುಗುತ್ತಿರಲಿಲ್ಲ. ಚಿತ್ರದುರ್ಗದಲ್ಲಿ ಅಂಥ ಬೆಳಗು ಅಪರೂಪ. ಗಾಳಿಯ ದಿಕ್ಕು ತಿಳಿಯಲೆಂದು ಗುಂಡಿನ ಅಭ್ಯಾಸದ ಬಯಲಿನಲ್ಲಿ ನಾವು ಕೋಲುಗಳಿಗೆ ಕಟ್ಟಿದ್ದ ರಿಬ್ಬನ್ನುಗಳು ಇಬ್ಬನಿಯಲ್ಲಿ ತೊಯ್ದು ನೆಟ್ಟಗೆ ಜೋತುಬಿದ್ದಿದ್ದವು. ಐವತ್ತು ಮೀಟರ್ ದೂರದ ಗುರಿಹಾಳೆಗೆ ರೈಫಲ್ಲಿನಿಂದ ಹತ್ತು ಗುಂಡು ಹಾರಿಸಿದೆ; ಹತ್ತೂ ನಡುವಿನ ಸುತ್ತಲೇ ಕೂತವು. ಆಮೇಲೆ ಹಿಂಬದಿಯ ಸೈಟನ್ನು, ಅಂದರೆ ಗುರಿ ನೋಡುವ ಸಾಧನವನ್ನು, ಅದರ ನಾಬಿನ ಹಂತಗಳ ಲೆಕ್ಕದಲ್ಲಿ 46 ಕ್ಲಿಕ್ ಏರಿಸಿ ನೂರು ಮೀಟರ್ ದೂರದ ಹಾಳೆಗೆ ಹತ್ತು ಗುಂಡು ಹಾರಿಸಿದೆ. ಗುಂಪು ಬಿಗಿಯಾಗಿತ್ತು, ಎತ್ತರವೂ ಸರಿಯಾಗಿತ್ತು, ಆದರೆ ಇಡೀ ಗುಂಪು ನಡುವಿನಿಂದ ಬಲಕ್ಕೆ ಒಂದು ಸೆಂಟಿಮೀಟರಿಗೂ ಹೆಚ್ಚು ಸರಿದು ನಿಂತಿತ್ತು.

ಈ ಸರಿತ ನನಗೆ ಹೊಸದಾಗಿರಲಿಲ್ಲ. ನಮ್ಮ ಬಯಲಿನಲ್ಲಿ ಹೊಡೆಯುವವರು ಉತ್ತರಕ್ಕೆ ಮುಖಮಾಡಿ ಮಲಗುತ್ತಾರೆ, ಗಾಳಿ ವರ್ಷದ ಬಹುಪಾಲು ಪಡುವಣದಿಂದ ಬರುತ್ತದೆ, ಆದ್ದರಿಂದ ಗುಂಡು ಬಲಕ್ಕೆ ಹೋದರೆ ಗಾಳಿಯೇ ಒಯ್ದಿತೆಂದು ತಿಳಿಯುವುದು ಇಲ್ಲಿ ಸಹಜ. ಎರಡು ವರ್ಷ ಕಾಲ ನೂರು ಮೀಟರಿಗೆ ಹೋದಾಗಲೆಲ್ಲ ಎತ್ತರದ ಜೊತೆಗೆ ಎಡಕ್ಕೆ ಮೂರು ಕ್ಲಿಕ್ ಕೊಡುತ್ತಿದ್ದೆ ಮತ್ತು ನೋಟ್‌ಬುಕ್ಕಿನಲ್ಲಿ ಅದರೆದುರು ‘ಗಾಳಿ’ ಎಂದು ಬರೆಯುತ್ತಿದ್ದೆ. ಗಾಳಿಯೇ ಇಲ್ಲದ ಆ ಬೆಳಗ್ಗೆ ಮಾತ್ರ ಅಂಥ ಕಾರಣ ಬರೆಯಲು ಏನೂ ಉಳಿದಿರಲಿಲ್ಲ. ಅಲ್ಲಿಂದ ಮುಂದೆ ಸುಮಾರು ಆರು ವಾರ ನಾನು ಸೈಟುಗಳನ್ನು ಬಿಚ್ಚಿ, ಅಳೆದು, ಹೊಸದಾಗಿ ಕೂರಿಸಿ, ನಡು ಹಿಡಿಯುವ ಕೆಲಸದಲ್ಲಿ ಕಳೆದೆ. ಟೆಲಿಸ್ಕೋಪ್ ಇಲ್ಲದ ಐರನ್ ಸೈಟಿನಲ್ಲೇ ದೂರದ ಗುರಿ ಹೊಡೆಯಲು ಬಯಸುವವರಿಗೆ ಉಪಯೋಗವಾದೀತೆಂದು ಅದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ನನ್ನದು ಪಾಯಿಂಟ್ ಟೂ ಟೂ ಬೋರಿನ, ಒಂದೊಂದೇ ಗುಂಡು ತುಂಬಿ ಬೋಲ್ಟ್ ಎಂಬ ಉಕ್ಕಿನ ಅಗುಳಿ ಹಾಕುವ, ಜರ್ಮನಿಯಲ್ಲಿ ತಯಾರಾದ ಹಳೆಯ ಟಾರ್ಗೆಟ್ ರೈಫಲ್. ಕಣ್ಣು ಮಂಜಾದ ಕಾರಣ ಕ್ರೀಡೆ ಬಿಟ್ಟ ಹಿರಿಯರೊಬ್ಬರಿಂದ, ಲೈಸೆನ್ಸಿನ ಕಾಗದಪತ್ರಗಳೆಲ್ಲ ಮುಗಿದ ಮೇಲೆ, ನನ್ನ ಕೈಗೆ ಬಂತು. ಅದರ ಗುಂಡಿನ ತೂಕ 40 ಗ್ರೇನ್, ಅಂದರೆ 2.6 ಗ್ರಾಂ, ನಳಿಗೆಯಿಂದ ಹೊರಬೀಳುವಾಗ ವೇಗ ಸೆಕೆಂಡಿಗೆ ಸುಮಾರು 330 ಮೀಟರ್, ಶಬ್ದದ ವೇಗಕ್ಕಿಂತ ತುಸು ಕಡಿಮೆ. ಇಷ್ಟು ನಿಧಾನದ ಗುಂಡು ಐವತ್ತರಿಂದ ನೂರು ಮೀಟರಿಗೆ ಹೋಗುವಷ್ಟರಲ್ಲಿ ಹೆಚ್ಚೂ ಕಡಿಮೆ ಒಂದು ಗೇಣು ಕೆಳಗಿಳಿಯುತ್ತದೆ. ಐವತ್ತಕ್ಕೆ ಹೊಂದಿಸಿದ ಸೈಟಿನಲ್ಲೇ ನೂರಕ್ಕೆ ಹೊಡೆದರೆ ಗುಂಡು ಬೀಳುವುದು ಗುರಿಗಿಂತ ಸುಮಾರು 23 ಸೆಂಟಿಮೀಟರ್ ಕೆಳಗೆ. ಆ 46 ಕ್ಲಿಕ್ಕಿನ ಅಗತ್ಯ ಬರುವುದು ಇದಕ್ಕೇ.

ಒಲಿಂಪಿಕ್ಸಿನ ರೈಫಲ್ ಸ್ಪರ್ಧೆಗಳಲ್ಲಿ ಟೆಲಿಸ್ಕೋಪಿಗೆ ಅವಕಾಶವಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಐವತ್ತು ಮೀಟರ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚು ಗೆದ್ದದ್ದೂ, 2010ರಲ್ಲಿ ಮ್ಯೂನಿಕ್‌ನಲ್ಲಿ ತೇಜಸ್ವಿನಿ ಸಾವಂತ್ ಐವತ್ತು ಮೀಟರ್ ಪ್ರೋನ್, ಅಂದರೆ ಬೋರಲು ಮಲಗಿ ಹೊಡೆಯುವ, ವಿಭಾಗದಲ್ಲಿ ವಿಶ್ವ ಚಾಂಪಿಯನ್ ಆದದ್ದೂ ಇಂಥ ಸೈಟಿನಲ್ಲೇ. ಹಿಂದೆ ಒಂದು ಸಣ್ಣ ರಂಧ್ರ, ಮುಂದೆ ಟನಲ್ ಎಂಬ ಗಿಡ್ಡ ಕೊಳವೆ, ಅದರೊಳಗೆ ಒಂದು ರಿಂಗ್. ಇಷ್ಟರಿಂದಲೇ ಐವತ್ತು ಮೀಟರ್ ದೂರದ 10.4 ಮಿಲಿಮೀಟರ್ ವ್ಯಾಸದ ಹತ್ತರ ವೃತ್ತವನ್ನು ಮತ್ತೆ ಮತ್ತೆ ಹೊಡೆಯಬಹುದೆಂಬುದು ನನಗೆ ಇಂದಿಗೂ ಬೆರಗಿನ ಸಂಗತಿ. ಗಾಜಿಲ್ಲದ ಈ ಸರಳ ಸಾಧನದಲ್ಲಿ ತಪ್ಪು ಅಡಗಲು ಜಾಗ ಕಡಿಮೆ ಎಂದು ನಾನು ತಿಳಿದಿದ್ದೆ; ನನ್ನ ಅನುಭವ ಹಾಗಿರಲಿಲ್ಲ.

ಮೊದಲು ನಾನು ಮಾಡಿದ್ದು ಲೆಕ್ಕ. ಹಿಂಬದಿಯ ಸೈಟನ್ನು ಸರಿಸಿದಷ್ಟನ್ನು ಗುರಿಯ ದೂರದಿಂದ ಗುಣಿಸಿ, ಎರಡು ಸೈಟುಗಳ ನಡುವಿನ ಅಂತರದಿಂದ ಭಾಗಿಸಿದರೆ ಗುರಿಯಲ್ಲಿ ಗುಂಡು ಎಷ್ಟು ಸರಿಯುತ್ತದೆಂಬುದು ಸಿಗುತ್ತದೆ. ನನ್ನ ರೈಫಲ್ಲಿನಲ್ಲಿ ಆ ಅಂತರ 80 ಸೆಂಟಿಮೀಟರ್. ಅಂದರೆ ಐವತ್ತು ಮೀಟರಿನಲ್ಲಿ ಯಾವುದೇ ಚಲನೆ 62.5 ಪಟ್ಟಾಗಿ ಕಾಣುತ್ತದೆ, ನೂರು ಮೀಟರಿನಲ್ಲಿ 125 ಪಟ್ಟು. ನನ್ನ ಸೈಟಿನ ಒಂದು ಕ್ಲಿಕ್ ಐವತ್ತರಲ್ಲಿ ಎರಡೂವರೆ ಮಿಲಿಮೀಟರ್ ಸರಿಸುವುದನ್ನು ನಾನು ಹಿಂದೆಯೇ ಹಾಳೆಯ ಮೇಲೆ ಅಳೆದಿಟ್ಟಿದ್ದೆ. ಹಿಂದಕ್ಕೆ ಲೆಕ್ಕ ಹಾಕಿದರೆ ಒಂದು ಕ್ಲಿಕ್ಕಿಗೆ ಸೈಟು ಸರಿಯುವುದು 0.04 ಮಿಲಿಮೀಟರ್, ಒಂದು ಕೂದಲೆಳೆಗಿಂತಲೂ ಕಡಿಮೆ. ಇಷ್ಟು ಸೂಕ್ಷ್ಮವಾಗಿ ಚಲಿಸುವ ಸಾಧನವನ್ನು ರೈಫಲ್ಲಿಗೆ ಕೂರಿಸುವ ಬುಡದಲ್ಲಿ ಅರ್ಧ ಮಿಲಿಮೀಟರಿನ ಓರೆ ಇದ್ದರೆ ಏನಾದೀತೆಂಬುದನ್ನು ಅಂದಿನವರೆಗೆ ನಾನು ಯೋಚಿಸಿಯೇ ಇರಲಿಲ್ಲ.

ಸುಳಿವು ಕಣ್ಣೆದುರೇ ಇತ್ತು. ಪಕ್ಕದ ನಾಬನ್ನು ಎಡದ ತುದಿಯವರೆಗೆ ತಿರುಗಿಸಿ, ಅಲ್ಲಿಂದ ಬಲದ ತುದಿಯವರೆಗೆ ಎಣಿಸಿದಾಗ ಒಟ್ಟು 130 ಕ್ಲಿಕ್ ಸಿಕ್ಕವು. ಯಾಂತ್ರಿಕ ನಡು 65ರಲ್ಲಿರಬೇಕು. ನಾನು ಐವತ್ತು ಮೀಟರಿಗೆ ಹೊಂದಿಸಿಕೊಂಡಿದ್ದ ಸ್ಥಾನ ಎಡ ತುದಿಯಿಂದ 30ರಲ್ಲಿತ್ತು. ಸೈಟು 35 ಕ್ಲಿಕ್ ಎಡಕ್ಕೆ ಹೋಗಿ ನಿಂತು, ಯಾವುದೋ ಬಲಗಡೆಯ ತಪ್ಪನ್ನು ಸದಾ ತುಂಬಿಕೊಡುತ್ತಿತ್ತು. ಐವತ್ತು ಮೀಟರಿನಲ್ಲಿ ಗುಂಡು ನಡುವಿಗೆ ಬೀಳುತ್ತಿದ್ದ ಕಾರಣ ಅದು ಎಷ್ಟನೇ ಕ್ಲಿಕ್ಕಿನಲ್ಲಿದೆ ಎಂದು ನಾನು ಕೇಳಿಕೊಂಡಿರಲಿಲ್ಲ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು: ಬೇರೆಯವರ ಕೈಯಿಂದ ರೈಫಲ್ ಬಂದಾಗ ಮೊದಲ ಗುಂಡು ಹಾರಿಸುವ ಮುನ್ನವೇ ಈ ಎಣಿಕೆ ಮಾಡಬೇಕು. ಎಣಿಸುವಾಗ ನಾಬನ್ನು ಯಾವಾಗಲೂ ಒಂದೇ ದಿಕ್ಕಿನಿಂದ ತರಬೇಕು, ಏಕೆಂದರೆ ಹಳೆಯ ತಿರುಪಿನಲ್ಲಿ ಸ್ವಲ್ಪ ಸಡಿಲವಿದ್ದು, ದಿಕ್ಕು ಬದಲಿಸಿದಾಗ ಮೊದಲ ಒಂದೆರಡು ಕ್ಲಿಕ್ ಸದ್ದು ಮಾತ್ರ ಮಾಡುತ್ತವೆ, ಸೈಟು ಅಲುಗುವುದಿಲ್ಲ.

ನಾಬಿನ ಮೇಲಿನ ಅಕ್ಷರಗಳ ಬಗ್ಗೆಯೂ ಹೇಳಬೇಕು. ಜರ್ಮನ್ ಸೈಟುಗಳ ಮೇಲೆ ಎಚ್ ಮತ್ತು ಟಿ ಎಂಬ ಗುರುತುಗಳಿರುತ್ತವೆ. ಎಚ್ ಎಂದರೆ ಆ ಭಾಷೆಯಲ್ಲಿ ಮೇಲೆ, ಟಿ ಎಂದರೆ ಕೆಳಗೆ. ಆ ಅಕ್ಷರಗಳು ಹೇಳುವುದು ಗುಂಡು ಎಲ್ಲಿ ಬಿದ್ದಿದೆ ಎಂಬುದನ್ನು. ಗುಂಡು ಮೇಲೆ ಬಿದ್ದಿದ್ದರೆ ಎಚ್ ಕಡೆಗೆ ತಿರುಗಿಸಬೇಕು, ಆಗ ಅದು ಕೆಳಗಿಳಿಯುತ್ತದೆ. ಎಡ ಬಲಗಳಿಗೂ ಇದೇ ರೀತಿ. ಮೇಲಕ್ಕೆ ಕಳಿಸಬೇಕೆಂದು ಎಚ್ ಕಡೆ ತಿರುಗಿಸಿ, ಗುಂಡು ಇನ್ನೂ ಕೆಳಗಿಳಿದು ಗಾಬರಿಯಾದ ಹೊಸಬರನ್ನು ನಾನು ಅನೇಕ ಬಾರಿ ಕಂಡಿದ್ದೇನೆ.

ಓರೆ ಎಲ್ಲಿದೆ ಎಂದು ತಿಳಿಯಲು ಬೇಕಾದ ಎರಡು ಸಲಕರಣೆಗಳು ನಮ್ಮ ಬೀದಿಯಲ್ಲೇ ಸಿಕ್ಕವು. ಮನೆ ಕಟ್ಟುತ್ತಿದ್ದ ಗಾರೆ ಮೇಸ್ತ್ರಿಯೊಬ್ಬರಿಂದ ತೂಗುಗುಂಡನ್ನೂ ಒಂದು ಅಂಗೈಯಷ್ಟುದ್ದದ ರಸಮಟ್ಟವನ್ನೂ ಎರಡು ದಿನದ ಮಟ್ಟಿಗೆ ಕೇಳಿ ಪಡೆದೆ. ಗೋಡೆ ನೆಟ್ಟಗಿದೆಯೇ ಎಂದು ನೋಡಲು ಅವರು ಬಳಸುವ ಉಪಾಯವೇ ಸೈಟಿನ ಕಂಬ ನೆಟ್ಟಗಿದೆಯೇ ಎಂದು ನೋಡಲು ನನಗೆ ಬೇಕಾಗಿತ್ತು. ಭೂಮಿ ಗುಂಡನ್ನು ಎಳೆಯುವುದು ನೆಟ್ಟ ಕೆಳಕ್ಕೆ. ಸೈಟು ಏರುವ ದಾರಿಯೂ ಅದೇ ಗೆರೆಯಲ್ಲಿದ್ದರೆ ಏರಿಸಿದಷ್ಟೂ ಗುಂಡು ನೇರ ಮೇಲೇರುತ್ತದೆ. ದಾರಿ ಬಲಕ್ಕೆ ವಾಲಿದ್ದರೆ ಏರಿಸಿದಷ್ಟೂ ಸೈಟು ಬಲಕ್ಕೂ ಹೋಗುತ್ತದೆ. ಹಿಂಬದಿಯ ಸೈಟು ಹೋದ ಕಡೆಗೇ ಗುಂಡೂ ಹೋಗುತ್ತದೆ. ಐವತ್ತರಿಂದ ನೂರಕ್ಕೆ ಒಂದು ಗೇಣು ಏರಿಸುವಲ್ಲಿ ಇದು ಒಂದು ಸೆಂಟಿಮೀಟರಾಗಿ ಕಂಡರೆ, ದೊಡ್ಡ ಬೋರಿನ ರೈಫಲ್ಲುಗಳಲ್ಲಿ ಮುನ್ನೂರು ಮೀಟರಿನಿಂದ ಒಂಬೈನೂರರವರೆಗೆ ದೂರ ಬದಲಿಸಿ ಹೊಡೆಯುವವರಿಗೆ ಎತ್ತರದ ತಿದ್ದುಪಡಿ ಮೀಟರುಗಳ ಲೆಕ್ಕದಲ್ಲಿರುವುದರಿಂದ ಓರೆಯ ಪಾಲೂ ಅದಕ್ಕೆ ತಕ್ಕಂತೆ ಬೆಳೆಯುತ್ತದೆ.

ಭಾನುವಾರ ಬೆಳಗ್ಗೆ ಏಳು ಗಂಟೆಗೆ, ಗಾಳಿ ಏಳುವ ಮುನ್ನ, ಐವತ್ತು ಮೀಟರಿನ ಹಲಗೆಗೆ ಒಂದು ಮೀಟರ್ ಉದ್ದದ ಬಿಳಿ ಚಾರ್ಟ್ ಹಾಳೆ ಅಂಟಿಸಿದೆ. ಹಲಗೆಯ ಮೇಲ್ತುದಿಗೆ ತೂಗುಗುಂಡು ಇಳಿಬಿಟ್ಟು, ಅದು ಅಲ್ಲಾಡುವುದು ನಿಂತ ಮೇಲೆ ದಾರದ ಗುಂಟ ಪೆನ್ಸಿಲಿನಿಂದ ಗೆರೆ ಎಳೆದೆ. ಗೆರೆಯ ಮೇಲೆ, ಹಾಳೆಯ ಕೆಳಭಾಗದಲ್ಲಿ, ಗುರಿಯ ಕರಿ ಬಿಲ್ಲೆ ಅಂಟಿಸಿದೆ. ರೈಫಲ್ಲನ್ನು ಮರಳಿನ ಚೀಲಗಳ ಮೇಲಿಟ್ಟು, ಬೋಲ್ಟ್ ಕೂರುವ ಭಾಗವಾದ ರಿಸೀವರಿನ ಮೇಲಿನ ಹಳಿಗೆ ಅಡ್ಡಲಾಗಿ ರಸಮಟ್ಟ ಇಟ್ಟೆ. ಜೊತೆಗೆ ಅಭ್ಯಾಸ ಮಾಡುವ ಗೆಳೆಯರೊಬ್ಬರು ಪಕ್ಕದಲ್ಲಿ ಕೂತು ಗುಳ್ಳೆಯ ಮೇಲೆ ಕಣ್ಣಿಟ್ಟರು. ಅವರು ‘ಸರಿ’ ಎಂದಾಗ ಮಾತ್ರ ನಾನು ಟ್ರಿಗರ್ ಒತ್ತುತ್ತಿದ್ದೆ. ಸೈಟನ್ನು ಕೆಳತುದಿಗಿಳಿಸಿ ಐದು ಗುಂಡು, 40 ಕ್ಲಿಕ್ ಏರಿಸಿ ಐದು, 80ರಲ್ಲಿ ಐದು, 120ರಲ್ಲಿ ಐದು. ಗುರಿ ಹಿಡಿದದ್ದು ಪ್ರತಿ ಸಲವೂ ಅದೇ ಕರಿ ಬಿಲ್ಲೆಯ ನಡುವಿಗೆ.

ಹಾಳೆ ಬಿಚ್ಚಿ ತಂದು ನೆಲದ ಮೇಲೆ ಹಾಸಿದಾಗ ಅಳತೆ ಮಾಡುವ ಅಗತ್ಯವೇ ಬೀಳಲಿಲ್ಲ. ನಾಲ್ಕು ಗುಂಪುಗಳು ಪೆನ್ಸಿಲ್ ಗೆರೆಯನ್ನು ಬಿಟ್ಟು ಹಂತಹಂತವಾಗಿ ಬಲಕ್ಕೆ ಹೊರಳಿದ್ದವು. ಆದರೂ ಅಳೆದೆವು: 300 ಮಿಲಿಮೀಟರ್ ಏರುವಷ್ಟರಲ್ಲಿ 17 ಮಿಲಿಮೀಟರ್ ಬಲಕ್ಕೆ. ಕೋನದ ಲೆಕ್ಕದಲ್ಲಿ ಮೂರು ಡಿಗ್ರಿಗಿಂತ ತುಸು ಹೆಚ್ಚು. ಇದೇ ಪ್ರಮಾಣದಲ್ಲಿ ನೂರು ಮೀಟರಿನ 23 ಸೆಂಟಿಮೀಟರ್ ಏರಿಕೆಗೆ 13 ಮಿಲಿಮೀಟರ್ ಬರುತ್ತದೆ. ನಾನು ಕೊಡುತ್ತಿದ್ದ ಮೂರು ಕ್ಲಿಕ್ಕಿಗೆ ಅದು ಸರಿಸುಮಾರು ಹೊಂದುತ್ತದೆ. ಎರಡು ವರ್ಷ ಗಾಳಿ ಎಂದು ಬರೆದದ್ದರ ಅಳತೆ ಆ ಹಾಳೆಯ ಮೇಲಿತ್ತು. ಆ ಹಾಳೆಯನ್ನು ನಾನು ಮಡಚಿ ಇಟ್ಟುಕೊಂಡಿದ್ದೇನೆ.

ಮನೆಗೆ ಬಂದು, ಬೋಲ್ಟ್ ತೆಗೆದಿಟ್ಟು, ಚೇಂಬರ್, ಅಂದರೆ ನಳಿಗೆಯಲ್ಲಿ ಗುಂಡು ಕೂರುವ ಗೂಡು, ಖಾಲಿ ಇರುವುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಎರಡು ಸಲ ಖಚಿತ ಮಾಡಿಕೊಂಡ ಮೇಲೆ ಸೈಟನ್ನು ಬಿಚ್ಚಿದೆ. ಟಾರ್ಗೆಟ್ ರೈಫಲ್ಲುಗಳ ರಿಸೀವರಿನ ಮೇಲೆ 11 ಮಿಲಿಮೀಟರ್ ಅಗಲದ ಡವ್‌ಟೇಲ್ ಹಳಿ ಇರುತ್ತದೆ. ಪಾರಿವಾಳದ ಬಾಲದಂತೆ ಮೇಲಗಲ, ಕೆಳಸಣ್ಣ. ಸೈಟಿನ ಬುಡ ಅದರ ಎರಡು ಪಕ್ಕಗಳನ್ನು ಹಿಡಿದು ಕೂರುತ್ತದೆ, ಒಂದು ಪಕ್ಕದ ತಿರುಪು ಬಿಗಿಮಾಡುತ್ತದೆ. ನನ್ನದರಲ್ಲಿ ಹಳಿಗೂ ಸೈಟಿಗೂ ನಡುವೆ ಎತ್ತರ ಹೆಚ್ಚಿಸುವ ಅಲ್ಯೂಮಿನಿಯಮ್ ಕಟ್ಟೆಯೊಂದಿತ್ತು. ಉದ್ದ ಕೊರಳಿನವರು ತಲೆ ಬಗ್ಗಿಸದೆ ನೋಡಲು ಇಂಥ ಕಟ್ಟೆ ಹಾಕಿಸಿಕೊಳ್ಳುತ್ತಾರೆ. ಇದನ್ನು ಹಿಂದಿನವರು ಎಲ್ಲೋ ಕೈಯಲ್ಲಿ ಅರದಿಂದ ಉಜ್ಜಿಸಿ ಮಾಡಿಸಿದ್ದಂತೆ ಕಂಡಿತು. ಕಟ್ಟೆಯ ಕೆಳಗೆ, ಎಡಗಡೆಯಲ್ಲಿ, ಒಣಗಿ ಗಟ್ಟಿಯಾದ ಗ್ರೀಸಿನೊಳಗೆ ಹಿತ್ತಾಳೆಯ ತೆಳು ತಗಡಿನ ಚೂರೊಂದು ಅಂಟಿಕೊಂಡಿತ್ತು. ಕಟ್ಟೆ ಸಡಿಲವಾಗಿ ಅಲುಗುತ್ತಿದ್ದುದನ್ನು ನಿಲ್ಲಿಸಲು ಯಾರೋ ತೂರಿಸಿದ ಬೆಣೆ ಅದು.

ವರ್ನಿಯರ್ ಹಿಡಿದು ಅಳೆದೆ. ತಗಡಿನ ದಪ್ಪ 0.15 ಮಿಲಿಮೀಟರ್. ಕಟ್ಟೆಯ ಎತ್ತರ ಎಡ ಅಂಚಿನಲ್ಲಿ 6.9, ಬಲ ಅಂಚಿನಲ್ಲಿ 6.3. ಕಟ್ಟೆಯ ಅಗಲ 14 ಮಿಲಿಮೀಟರ್ ಮಾತ್ರ. ಅಷ್ಟು ಕಿರಿದಾದ ಬುಡದಲ್ಲಿ ಇಷ್ಟು ಏರುಪೇರಿದ್ದರೆ ಕಟ್ಟೆಯೊಂದರಿಂದಲೇ ಎರಡೂವರೆ ಡಿಗ್ರಿ ವಾಲುತ್ತದೆ, ತಗಡು ಮುಕ್ಕಾಲು ಡಿಗ್ರಿ ಸೇರಿಸುತ್ತದೆ. ಎರಡೂ ಎಡವನ್ನೇ ಎತ್ತಿದ್ದವು, ಸೈಟು ಬಲಕ್ಕೆ ವಾಲಿತ್ತು. ಚಾರ್ಟ್ ಹಾಳೆಯ ಕೋನವೂ ವರ್ನಿಯರಿನ ಕೋನವೂ ಒಂದಕ್ಕೊಂದು ಹೊಂದಿದಾಗ ಆದ ಸಮಾಧಾನವನ್ನು ಹೇಳಿಕೊಳ್ಳುವುದು ಕಷ್ಟ. ರೈಫಲ್ಲನ್ನು ನನಗೆ ಕೊಟ್ಟ ಹಿರಿಯರ ಬಗ್ಗೆ ನನಗೆ ಬೇಸರವಿಲ್ಲ. ಅವರು ಐವತ್ತು ಮೀಟರಿನಲ್ಲಿ ಮಾತ್ರ ಹೊಡೆಯುತ್ತಿದ್ದರು. ಒಂದೇ ದೂರದಲ್ಲಿ ಹೊಡೆಯುವವರಿಗೆ ಈ ಓರೆ ತನ್ನನ್ನು ತೋರಿಸಿಕೊಳ್ಳುವುದೇ ಇಲ್ಲ.

ಹೊಸ ಕಟ್ಟೆಯನ್ನು ದಾವಣಗೆರೆಯಲ್ಲಿ ಮಾಡಿಸಿದೆ. ರೈಫಲ್ಲು ಬೀಗದಲ್ಲೇ ಉಳಿಯಿತು. ಹಳೆಯ ಕಟ್ಟೆ, ಹಳಿಯ ಅಳತೆ ಬರೆದ ಚೀಟಿ ಮತ್ತು ಸೈಟಿನ ಬುಡ, ಇವಿಷ್ಟನ್ನು ಒಂದು ಡಬ್ಬಿಯಲ್ಲಿಟ್ಟುಕೊಂಡು ಅರವತ್ತು ಕಿಲೋಮೀಟರ್ ಬಸ್ಸಿನಲ್ಲಿ ಹೋದೆ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಹತ್ತಿಗಿರಣಿಗಳ ಕಾಲ ಹೋಗಿದೆ, ಆದರೆ ಗಿರಣಿಯ ಯಂತ್ರಭಾಗಗಳನ್ನು ಮಾಡುತ್ತ ಕೈ ಪಳಗಿದ ಲೇತ್ ಮಿಸ್ತ್ರಿಗಳು ಇನ್ನೂ ಇದ್ದಾರೆ. ನಾನು ಕಂಡ ಮಿಸ್ತ್ರಿ ವಿಷಯ ಕೇಳಿದವರೇ, ಮೇಲ್ಮುಖ ಮತ್ತು ಕೆಳಮುಖಗಳನ್ನು ಒಂದೇ ಹಿಡಿತದಲ್ಲಿ, ವೈಸಿನಿಂದ ತೆಗೆಯದೆ ಕತ್ತರಿಸಬೇಕು, ತೆಗೆದು ತಿರುಗಿಸಿದರೆ ಸಮಾನಾಂತರ ತಪ್ಪುತ್ತದೆ ಎಂದರು. ಹಿಂದಿನ ಕಟ್ಟೆಯಲ್ಲಿ ಆಗಿದ್ದ ತಪ್ಪು ಅವರ ಬಾಯಿಂದ ಆ ಒಂದು ಮಾತಿನಲ್ಲಿ ಬಂತು. ಸಂಜೆಯ ಹೊತ್ತಿಗೆ ಕೈಗೆ ಬಂದ ಕಟ್ಟೆಯ ನಾಲ್ಕು ಮೂಲೆಗಳ ಎತ್ತರದಲ್ಲಿ ವ್ಯತ್ಯಾಸ 0.02 ಮಿಲಿಮೀಟರ್ ದಾಟಲಿಲ್ಲ.

ಕೂರಿಸುವ ಕೆಲಸ ಒಂದು ಗಂಟೆಯದು, ಆದರೆ ಅವಸರ ಮಾಡುವಂಥದ್ದಲ್ಲ. ಹಳಿಯ ಎರಡೂ ಪಕ್ಕಗಳನ್ನು, ಕಟ್ಟೆಯ ತೋಡನ್ನು ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಿ, ಎಣ್ಣೆಯ ಪಸೆ ಸಹ ಉಳಿಯದಂತೆ ಒಣಗಿಸಿದೆ. ಕಟ್ಟೆಯನ್ನು ಹಳಿಗೆ ಜಾರಿಸಿ, ತಿರುಪನ್ನು ಬೆರಳಿನಲ್ಲಿ ಮುಟ್ಟುವಷ್ಟು ಮಾತ್ರ ತಂದು, ಕಟ್ಟೆಯ ಮೇಲೆ ಹೆಬ್ಬೆರಳಿಟ್ಟು ಕೆಳಕ್ಕೆ ಒತ್ತಿಹಿಡಿದು, ಆಮೇಲೆ ಅಲೆನ್ ಕೀಯಿಂದ ಬಿಗಿ ಮಾಡಿದೆ. ಒತ್ತದೆ ಬಿಗಿ ಮಾಡಿದರೆ ಹಿಡಿತದ ಪಕ್ಕ ಮೊದಲು ಕಚ್ಚಿಕೊಂಡು ಇನ್ನೊಂದು ಪಕ್ಕ ಮೇಲೇಳುತ್ತದೆ. ಚೊಕ್ಕ ಕಟ್ಟೆಯೂ ಆಗ ಓರೆಯಾಗಿ ಕೂರುತ್ತದೆ. ಹಳಿಯ ಮೇಲೆ ರಸಮಟ್ಟ ಇಟ್ಟು ಗುಳ್ಳೆ ನಡುವಿಗೆ ತಂದು, ಅದೇ ರಸಮಟ್ಟವನ್ನು ಕಟ್ಟೆಯ ಮೇಲಿಟ್ಟರೆ ಗುಳ್ಳೆ ಅದೇ ಜಾಗದಲ್ಲಿ ನಿಲ್ಲಬೇಕು. ನಿಂತಿತು.

ಮುಂಬದಿಯ ಟನಲ್ಲಿಗೂ ಇದೇ ಪರೀಕ್ಷೆ ಬೇಕು, ಆದರೆ ಅದು ದುಂಡಗಿರುವುದರಿಂದ ರಸಮಟ್ಟ ನಿಲ್ಲುವುದಿಲ್ಲ. ರೈಫಲ್ಲನ್ನು ಮಟ್ಟಕ್ಕೆ ತಂದು ಬಿಗಿದು, ಐದು ಹೆಜ್ಜೆ ಮುಂದೆ ಬಾಗಿಲ ತೊಲೆಗೆ ತೂಗುಗುಂಡು ಕಟ್ಟಿ, ಹಿಂದಿನಿಂದ ನೋಡಿದೆ. ದಾರ ನಳಿಗೆಯ ನಡುವನ್ನೂ ಟನಲ್ಲಿನ ನಡುವನ್ನೂ ಒಂದೇ ಗೆರೆಯಲ್ಲಿ ಕೊಯ್ಯುವಂತೆ ಕಂಡಿತು. ಅಲ್ಲಿ ದೋಷವಿರಲಿಲ್ಲ.

ಆಮೇಲೆ ನಡು ಹಿಡಿಯುವುದು. ಎಡಬಲದ ನಾಬನ್ನು 65ನೇ ಕ್ಲಿಕ್ಕಿಗೆ, ಯಾಂತ್ರಿಕ ನಡುವಿಗೆ ತಂದು, ಬಯಲಿಗೆ ಹೋಗಿ, ಬೋಲ್ಟ್ ತೆಗೆದ ರೈಫಲ್ಲನ್ನು ಚೀಲಗಳ ಮೇಲಿಟ್ಟೆ. ಹಿಂದಿನಿಂದ ನಳಿಗೆಯೊಳಗೆ ನೋಡಿದರೆ ಐವತ್ತು ಮೀಟರಿನ ಕರಿ ಬಿಲ್ಲೆ ನಳಿಗೆಯ ಹೊಳೆವ ವೃತ್ತದ ನಡುವೆ ಕಾಣುತ್ತದೆ. ಅದನ್ನು ನಡುವಿಗೆ ತಂದು, ರೈಫಲ್ಲು ಅಲುಗದಂತೆ ತಲೆ ಎತ್ತಿ ಸೈಟಿನಲ್ಲಿ ನೋಡಬೇಕು. ಎತ್ತರ ಇದರಿಂದ ಅಂದಾಜಿಗಷ್ಟೇ ಸಿಗುತ್ತದೆ, ಏಕೆಂದರೆ ಐವತ್ತು ಮೀಟರಿನೊಳಗೆ ಗುಂಡು ಹತ್ತು ಸೆಂಟಿಮೀಟರಿಗೂ ಹೆಚ್ಚು ಇಳಿಯುವುದನ್ನು ನಳಿಗೆಯ ನೇರ ನೋಟ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎಡಬಲ ಮಾತ್ರ ಚೆನ್ನಾಗಿ ಸಿಗುತ್ತದೆ. ಹಳೆಯ ಕಟ್ಟೆಯಿದ್ದಾಗ ನಡುವಿನಿಂದ 35 ಕ್ಲಿಕ್ ದೂರವಿದ್ದ ಜೋಡಣೆ ಈಗ ಯಾಂತ್ರಿಕ ನಡುವಿನಲ್ಲೇ ಬಿಲ್ಲೆಯ ಮೇಲೆ ಕೂತಿತ್ತು.

ಸೈಟು ನಡುವಿಗೆ ಬಂದ ಮೇಲೂ ಕಣ್ಣು ನಡುವಿಗೆ ಬರಬೇಕು. ಈ ಭಾಗಕ್ಕೆ ನಾನು ಉಳಿದೆಲ್ಲಕ್ಕಿಂತ ಹೆಚ್ಚು ದಿನ ಕೊಟ್ಟೆ. ಹಿಂಬದಿಯ ಸೈಟಿನಲ್ಲಿ ಕಣ್ಣಿಟ್ಟು ನೋಡುವ ಐರಿಸ್ಸಿನ ರಂಧ್ರ 1.1 ಮಿಲಿಮೀಟರ್. ಅದರ ಮೂಲಕ ನೋಡಿದಾಗ ಮಬ್ಬಾದ ದೊಡ್ಡ ವೃತ್ತವೊಂದು, ಅದರೊಳಗೆ ಟನಲ್ಲಿನ ವೃತ್ತ, ಅದರೊಳಗೆ ರಿಂಗು, ರಿಂಗಿನೊಳಗೆ ಕರಿ ಬಿಲ್ಲೆ ಕಾಣುತ್ತವೆ. ಹಬ್ಬದ ಅಂಗಳದಲ್ಲಿ ಒಂದರೊಳಗೊಂದು ಬಿಡಿಸಿದ ರಂಗೋಲಿ ವೃತ್ತಗಳಂತೆ ಈ ನಾಲ್ಕಕ್ಕೂ ಒಂದೇ ನಡು ಇರಬೇಕು. ಐವತ್ತು ಮೀಟರಿನ ಬಿಲ್ಲೆಯ ವ್ಯಾಸ 112.4 ಮಿಲಿಮೀಟರ್, ಕಣ್ಣಿನಿಂದ ಸುಮಾರು 85 ಸೆಂಟಿಮೀಟರ್ ಮುಂದಿರುವ ರಿಂಗಿನ ಬಳಿ ಅದು ಹತ್ತಿರಹತ್ತಿರ 2 ಮಿಲಿಮೀಟರ್ ಗಾತ್ರದ್ದಾಗಿ ಕಾಣುತ್ತದೆ. ನಾನು ಹಿಂದೆ 3.2 ಮಿಲಿಮೀಟರಿನ ರಿಂಗ್ ಹಾಕಿಕೊಂಡಿದ್ದೆ. ಬಿಲ್ಲೆಯನ್ನು ಬಿಗಿಯಾಗಿ ಸುತ್ತುವ ರಿಂಗು ನಿಖರವೆನಿಸುತ್ತದೆ, ಆದರೆ ಬಿಳಿ ಅಂಚು ಸಣ್ಣದಾದಷ್ಟೂ ಕಣ್ಣು ಬೇಗ ದಣಿಯುತ್ತದೆ. ಎಡ ಅಂಚು ಬಲ ಅಂಚುಗಳನ್ನು ಹೋಲಿಸುತ್ತ ಟ್ರಿಗರ್ ತಡವಾಗುತ್ತದೆ. 3.8ಕ್ಕೆ ಬದಲಿಸಿದಾಗ ಸುತ್ತಲೂ ಸುಮಾರು 0.9 ಮಿಲಿಮೀಟರ್ ಬಿಳಿ ಉಳಿಯಿತು, ಬಿಲ್ಲೆ ತಾನಾಗಿಯೇ ನಡುವಿಗೆ ಬಂದು ನಿಲ್ಲುತ್ತಿದೆ ಎನಿಸಿತು. ನೂರು ಮೀಟರಿಗೆ ನಾನು ಎರಡರಷ್ಟು ಗಾತ್ರದ ಬಿಲ್ಲೆ ಕತ್ತರಿಸಿಕೊಂಡದ್ದು ಇದೇ ಕಾರಣಕ್ಕೆ: ಕಣ್ಣಿಗೆ ಎರಡೂ ದೂರದಲ್ಲಿ ಚಿತ್ರ ಒಂದೇ ಆಗಿರುತ್ತದೆ.

ಕಣ್ಣು ಐರಿಸ್ಸಿನ ಹಿಂದೆ ಪ್ರತಿ ಸಲ ಒಂದೇ ಜಾಗದಲ್ಲಿ ಬರುವಂತೆ ಮಾಡುವುದು ಕೆನ್ನೆಯ ಹಲಗೆ. ಬೋರಲು ಮಲಗಿ, ಕಣ್ಣು ಮುಚ್ಚಿ, ಕೆನ್ನೆಯನ್ನು ಸಡಿಲವಾಗಿ ಹಲಗೆಯ ಮೇಲೆ ಬಿಟ್ಟು, ಎರಡು ಉಸಿರಾದ ಮೇಲೆ ಕಣ್ಣು ತೆರೆದರೆ ನಾಲ್ಕೂ ವೃತ್ತಗಳು ಏಕನಡುವಾಗಿರಬೇಕು. ನನಗೆ ಟನಲ್ಲು ಮೇಲಕ್ಕೆ ಕಾಣುತ್ತಿತ್ತು. ಅಂದರೆ ಕಣ್ಣು ಎತ್ತರದಲ್ಲಿತ್ತು. ಹಲಗೆಯನ್ನು ಒಂದೊಂದು ಮಿಲಿಮೀಟರಿನಂತೆ ಮೂರು ಸಲ ಇಳಿಸಿ, ಪ್ರತಿ ಸಲ ಎದ್ದು, ನಾಲ್ಕು ಹೆಜ್ಜೆ ನಡೆದು, ಮತ್ತೆ ಮಲಗಿ ನೋಡಿದೆ. ಮಲಗಿದಲ್ಲೇ ತಿದ್ದಿಕೊಂಡರೆ ಕೊರಳು ತಾನೇ ಹೊಂದಿಕೊಂಡುಬಿಟ್ಟು ತಪ್ಪನ್ನು ಮುಚ್ಚುತ್ತದೆ. ಕಣ್ಣಿನಿಂದ ಐರಿಸ್ಸಿಗೆ ಐದು ಸೆಂಟಿಮೀಟರ್ ಬಿಟ್ಟಿದ್ದೇನೆ. ಸೈಟನ್ನು ಹಳಿಯ ಮೇಲೆ ಹಿಂದೆ ಮುಂದೆ ಸರಿಸಿದರೆ ಕಟ್ಟೆಯ ಬಿಗಿತವನ್ನು ಮೊದಲಿನಿಂದ ಪರೀಕ್ಷಿಸಬೇಕಾಗುತ್ತದೆಯಾದ್ದರಿಂದ ಈ ಅಂತರವನ್ನು ಮೊದಲೇ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು.

ಎಲ್ಲ ಮುಗಿದು ಗುಂಡು ಹಾರಿಸಿದ ದಿನ ತೆಳು ಗಾಳಿಯಿತ್ತು. ನಳಿಗೆಯನ್ನು ಶುಚಿ ಮಾಡಿದ್ದರಿಂದ ಮೊದಲ ಹತ್ತು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಸೀಸದ ಮೇಲಿನ ಮೇಣದ ಪದರ ನಳಿಗೆಯೊಳಗೆ ಮತ್ತೆ ಹರಡಿಕೊಳ್ಳುವವರೆಗೆ ಗುಂಪು ನೆಲೆ ನಿಲ್ಲುವುದಿಲ್ಲ. ಆಮೇಲಿನ ಐದರ ಗುಂಪು ತುಸು ಎಡಕ್ಕೆ, ಬಿಲ್ಲೆಯ ಕೆಳಭಾಗದಲ್ಲಿ ಬಿತ್ತು. ಒಂದೊಂದು ಗುಂಡಿಗೂ ನಾಬು ತಿರುಗಿಸುವ ಹಳೆಯ ಚಾಳಿಯನ್ನು ಬಿಟ್ಟು, ಐದರ ನಡುವನ್ನು ಗುರುತಿಸಿ, ಅಳೆದು, ಒಂದೇ ಸಲ ಕ್ಲಿಕ್ ಕೊಟ್ಟೆ: ಬಲಕ್ಕೆ ಮೂರು, ಮೇಲಕ್ಕೆ ಹನ್ನೊಂದು. ಮುಂದಿನ ಐದು ನಡುವಿಗೆ ಬಂದವು. ಎತ್ತರ ಕೆಳತುದಿಯಿಂದ 38, ಎಡಬಲ 68. ನಾಬುಗಳ ಮೇಲೆ ಸೂಜಿಮೊನೆಯಿಂದ ಬಿಳಿ ಬಣ್ಣದ ಗೆರೆ ಹಾಕಿದೆ.

ಮತ್ತೆ ಚಾರ್ಟ್ ಹಾಳೆ, ಮತ್ತೆ ತೂಗುಗುಂಡು, ಮತ್ತೆ ಗೆಳೆಯರ ‘ಸರಿ’. ನಾಲ್ಕು ಗುಂಪುಗಳೂ ಪೆನ್ಸಿಲ್ ಗೆರೆಯನ್ನು ಹಿಡಿದು ಏರಿದವು. ನೂರು ಮೀಟರಿಗೆ 46 ಕ್ಲಿಕ್ ಏರಿಸಿ, ಎಡಬಲವನ್ನು ಮುಟ್ಟದೆ ಹತ್ತು ಗುಂಡು ಹಾರಿಸಿದೆ. ಮಾರ್ಚಿನ ಆ ಬೆಳಗಿನ ತೆಳುಗಾಳಿಗೆ ಗುಂಪು ನಾಲ್ಕೈದು ಮಿಲಿಮೀಟರ್ ಬಲಕ್ಕಿತ್ತು. ಅದು ನಿಜಕ್ಕೂ ಗಾಳಿಯ ಪಾಲು.

ಆಷಾಢ ಬಂದಾಗ ಗಾಳಿಯನ್ನೇ ಪ್ರತ್ಯೇಕವಾಗಿ ಕಲಿಯಲು ನನಗೆ ಮೊದಲ ಬಾರಿ ಸಾಧ್ಯವಾಯಿತು. ಗಂಟೆಗೆ ಹತ್ತು ಕಿಲೋಮೀಟರ್ ವೇಗದ ಅಡ್ಡಗಾಳಿ ಈ ಗುಂಡನ್ನು ಐವತ್ತರಲ್ಲಿ ಒಂದು ಸೆಂಟಿಮೀಟರಿಗಿಂತ ಹೆಚ್ಚು ಸರಿಸುತ್ತದೆ, ನೂರರಲ್ಲಿ ಅದರ ಸುಮಾರು ನಾಲ್ಕರಷ್ಟು. ಹಿಂದೆ ಎರಡು ತಪ್ಪುಗಳು ಒಂದೇ ದಿಕ್ಕಿನಲ್ಲಿ ಬೆರೆತು ಬರುತ್ತಿದ್ದಾಗ ನನ್ನ ನೋಟ್‌ಬುಕ್ಕಿನ ಯಾವ ಅಂಕಿಯೂ ಮುಂದಿನ ವಾರ ಉಪಯೋಗಕ್ಕೆ ಬರುತ್ತಿರಲಿಲ್ಲ. ಈಗ ಪುಟದ ಎಡಬದಿಯಲ್ಲಿ ಸೈಟಿನ ಅಂಕಿಗಳನ್ನೂ ಬಲಬದಿಯಲ್ಲಿ ರಿಬ್ಬನ್ನಿನ ಬಾಗನ್ನೂ ಬರೆಯುತ್ತೇನೆ. ಎಡಬದಿಯಲ್ಲಿ ಐವತ್ತರ ಎತ್ತರ, ನೂರರ ಎತ್ತರ, ಎಡಬಲ ಎಂಬ ಕ್ರಮದ 38, 84, 68 ಎಂಬ ಮೂರು ಅಂಕಿಗಳು ಮಾರ್ಚಿನಿಂದ ಬದಲಾಗಿಲ್ಲ. ಬಲಬದಿ ದಿನದಿನಕ್ಕೂ ಬೇರೆ. ಬೆಟ್ಟದ ಮೇಲಿನ ಯಂತ್ರಗಳು ಭರದಿಂದ ತಿರುಗುತ್ತಿದ್ದರೂ ಬಯಲಿನ ತಗ್ಗಿನಲ್ಲಿ ಮೂವತ್ತು ಮೀಟರ್ ದೂರದ ಕೋಲಿನ ರಿಬ್ಬನ್ನು ಒಮ್ಮೊಮ್ಮೆ ಮೂಡಣದ ಕಡೆಯಿಂದ ಬೀಸುತ್ತದೆ. ಅದು ಯಾವ ಹೊತ್ತಿನಲ್ಲಿ, ಬಿಸಿಲು ಎಷ್ಟು ಏರಿದಾಗ ಹಾಗೆ ತಿರುಗುತ್ತದೆಂದು ಈಗ ಗುರುತು ಹಾಕಿಕೊಳ್ಳುತ್ತಿದ್ದೇನೆ.